ಕೋರ್ಟಿನಲ್ಲಿ ನಿಮ್ಮ ಮಾತು ನಿಲ್ಲಬೇಕಾದರೆ ಸಾಕ್ಷ್ಯ ಜೋಡಿಸುವುದು ಹೇಗೆ?

ಮೊದಲು ನಿಮ್ಮ ವಾದವನ್ನು ಬಿಡಿಬಿಡಿಯಾಗಿ ಬರೆಯಿರಿ. "ಸಾಲ ಕೊಟ್ಟೆ, ವಾಪಸ್ ಬಂದಿಲ್ಲ" ಅನ್ನೋದು ಒಂದೇ ಮಾತಿನಂತೆ ಕಂಡರೂ ಅದರೊಳಗೆ ಹಣ ಕೊಟ್ಟಿದ್ದು ನಿಜ, ಅದು ಉಡುಗೊರೆಯಲ್ಲ ಸಾಲ, ತೀರಿಸುವ ಗಡುವು ಮುಗಿದಿದೆ ಅಂತ ಮೂರು ಸಂಗತಿಗಳಿವೆ, ಮೂರಕ್ಕೂ ಬೇರೆ ಬೇರೆ ಆಧಾರ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದಕ್ಕೆ "ಮುಂದಿನ ತಿಂಗಳು ನಿಮ್ಮ ಸಾಲ ತೀರಿಸ್ತೀನಿ" ಅಂತ ಅವರೇ ಕಳಿಸಿದ ಮೆಸೇಜ್ ಇದ್ದರೆ ತುಂಬಾ ಗಟ್ಟಿ. ತಾವೇ ಒಪ್ಪಿದ್ದನ್ನು ಅಲ್ಲಗಳೆಯೋದು ಕಷ್ಟ ಅಲ್ವಾ?

ಸಾಮಾನ್ಯವಾಗಿ ಹೇಳಿದವರೇ ಸಾಬೀತು ಮಾಡಬೇಕು. ಹಲವು ದೇಶಗಳಲ್ಲಿ ಸಿವಿಲ್ ಕೇಸಿಗೆ ಯಾರ ಮಾತು ಹೆಚ್ಚು ನಂಬುವಂತಿದೆ ಅಂತ ನೋಡುತ್ತಾರೆ. ಕ್ರಿಮಿನಲ್ ಕೇಸಿನ ಅಳತೆ ಇನ್ನೂ ಬಿಗಿ, ಅಲ್ಲಿ ಸಕಾರಣವಾದ ಅನುಮಾನ ಉಳಿಯಬಾರದು. ಹಾಗಾಗಿ ಆರೋಪಿ ಪೂರ್ತಿ ಕಥೆಯನ್ನೇ ಸುಳ್ಳು ಮಾಡಬೇಕಿಲ್ಲ, ಆ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆ ಅನ್ನೋ ಸಿಸಿಟಿವಿ ದೃಶ್ಯ ಒಂದೇ ಸಾಕಾಗಬಹುದು.

ಸಾಕ್ಷಿಗಳಲ್ಲಿ ಕಣ್ಣಾರೆ ಕಂಡವರನ್ನೇ ಆರಿಸಿ. ಯಾರೋ ಹೇಳಿದ್ದನ್ನು ಕೇಳಿದವರ ಮಾತಿಗೆ ಬೆಲೆ ಕಡಿಮೆ, ಎಷ್ಟೋ ಸಲ ಕೋರ್ಟ್ ಅದನ್ನು ತೆಗೆದುಕೊಳ್ಳುವುದೇ ಇಲ್ಲ.

ಸ್ಕ್ರೀನ್‌ಶಾಟ್ ತೆಗೆದು ಸುಮ್ನೆ ಕೂರಬೇಡಿ. ಮೂಲ ಫೋನ್, ಮೂಲ ಫೈಲ್, ಇಡೀ ಸಂಭಾಷಣೆ ಉಳಿಸಿಕೊಳ್ಳಿ, ಏನನ್ನೂ ತಿದ್ದಬೇಡಿ, ಅಳಿಸಬೇಡಿ. ನಿಮಗೆ ವಿರುದ್ಧವಾದ ಕಾಗದವನ್ನೂ ವಕೀಲರಿಗೆ ಮೊದಲೇ ತೋರಿಸಿ. ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ನಿಮ್ಮನ್ನು ಪ್ರಶ್ನೆ ಮಾಡುವಾಗ, ಅದು ಮೊದಲ ಸಲ ಹೊರಬಂದರೆ ನಿಮ್ಮ ನಿಜವಾದ ಮಾತನ್ನೂ ನಂಬುವುದು ಕಷ್ಟವಾಗುತ್ತದೆ.