ಸಿವಿಲೈಸೇಶನ್ 3: ಕಮರ್ಷಿಯಲ್ ಗುಣದಿಂದ ಭ್ರಷ್ಟಾಚಾರ ಎಲ್ಲಿ ಇಳಿಯುತ್ತದೆ, ಎಲ್ಲಿ ಇಳಿಯುವುದಿಲ್ಲ

ಭಾರತ, ಗ್ರೀಸ್, ರೋಮ್, ಫ್ರಾನ್ಸ್, ಕೊರಿಯಾ, ಇರಾಕ್ವಾ: ಸಿವಿಲೈಸೇಶನ್ 3 ಕಂಪ್ಯೂಟರ್ ಆಟದಲ್ಲಿ ಈ ನಾಗರಿಕತೆಗಳಿಗೆಲ್ಲ ಕಮರ್ಷಿಯಲ್ ಗುಣವಿದೆ. ‘ಭ್ರಷ್ಟಾಚಾರ (ಊರಿನ ಗಳಿಕೆಯಲ್ಲಿ ಸೋರಿಹೋಗುವ ಪಾಲು) ಕಡಿಮೆ’ ಎಂಬ ವಿವರಣೆ ನೋಡಿ ಇವುಗಳಲ್ಲೊಂದನ್ನು ಆರಿಸಿಕೊಂಡವರು, ಗಡಿಯ ಊರುಗಳಲ್ಲಿ ಹತ್ತು ಶೀಲ್ಡ್‌ಗೆ (ಊರಿನ ಉತ್ಪಾದನೆಯ ಅಳತೆ) ಒಂದೇ ಕೈಗೆ ಸಿಗುವುದನ್ನು ಕಂಡು ಗೊಂದಲಕ್ಕೆ ಬೀಳುತ್ತಾರೆ. ಗುಣ ಕೆಲಸ ಮಾಡುತ್ತಲೇ ಇರುತ್ತದೆ. ಆದರೆ ಅದು ಕೆಲಸ ಮಾಡುವ ಜಾಗವೇ ಬೇರೆ. ಇಲ್ಲಿನ ಲೆಕ್ಕ 2003ರ ಕಾಂಕ್ವೆಸ್ಟ್ಸ್ ಆವೃತ್ತಿಯದ್ದು.

ಪ್ರತಿ ಊರಿನ ಭ್ರಷ್ಟಾಚಾರದಲ್ಲಿ ಎರಡು ಪಾಲು. ಮೊದಲನೆಯದು ದೂರದ ಪಾಲು, ಅಂದರೆ ರಾಜಧಾನಿಯಿಂದ ಊರು ಎಷ್ಟು ಚೌಕ ಆಚೆಗಿದೆ ಎಂಬುದು. ನೇರ ಚೌಕವನ್ನು ಒಂದು, ಕರ್ಣದ ಚೌಕವನ್ನು ಒಂದೂವರೆ ಎಂದು ಎಣಿಸಿ. ಎರಡನೆಯದು ಸರದಿಯ ಪಾಲು, ಅಂದರೆ ಆ ಊರಿಗಿಂತ ರಾಜಧಾನಿಗೆ ಹತ್ತಿರ ನಿಮ್ಮವೇ ಎಷ್ಟು ಊರುಗಳಿವೆ ಎಂಬುದು. ಕಮರ್ಷಿಯಲ್ ಗುಣದ ಪ್ರಭಾವ ಈ ಎರಡನೆಯದರ ಮೇಲೆ.

ಪ್ರತಿ ನಕ್ಷೆಯ ಗಾತ್ರಕ್ಕೂ ‘ಸೂಕ್ತ ಊರುಗಳ ಸಂಖ್ಯೆ’ ಅಂತ ಒಂದಿದೆ. ಸ್ಟ್ಯಾಂಡರ್ಡ್ ನಕ್ಷೆಯಲ್ಲಿ ಅದು ಮೂಲತಃ 20. ಆಟದ ಕಷ್ಟದ ಹಂತ ಏರಿದಂತೆ ಕುಗ್ಗುತ್ತದೆ. ಕಮರ್ಷಿಯಲ್ ಗುಣ ಇದನ್ನು ಶೇ. 25ರಷ್ಟು ಹಿಗ್ಗಿಸುತ್ತದೆ, ಅಂದರೆ 20 ಇದ್ದದ್ದು 25 ಆಗುತ್ತದೆ. ಸರದಿ ಈ ಸಂಖ್ಯೆಯೊಳಗೆ ಇರುವವರೆಗೆ, ಸರದಿಯನ್ನು ಆ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ ಬರುವುದೇ ಭ್ರಷ್ಟಾಚಾರ. ಸಂಖ್ಯೆ ದಾಟಿದ ಮೇಲೆ ಏರಿಕೆ ಇಮ್ಮಡಿ: ಸರದಿಯನ್ನು ಸಂಖ್ಯೆಯಿಂದ ಭಾಗಿಸಿ ಅರ್ಧ ಕಳೆಯಬೇಕು. ಕೊನೆಯ ಮಿತಿ ಶೇ. 90.

ದೂರದ ಪಾಲನ್ನು ಬದಿಗಿಟ್ಟು ಬರೀ ಸರದಿಯ ಲೆಕ್ಕ ಹಾಕಿ ನೋಡಿ. 5ನೇ ಸರದಿಯ ಊರಿನಲ್ಲಿ ಗುಣವಿಲ್ಲದಿದ್ದರೆ ಶೇ. 12.5, ಇದ್ದರೆ ಶೇ. 10. ಇದು ಲೆಕ್ಕಕ್ಕೇ ಬಾರದ ವ್ಯತ್ಯಾಸ. 20ನೇ ಸರದಿಯಲ್ಲಿ 50 ಹೋಗಿ 40 ಆಗುತ್ತದೆ. 25ನೇ ಸರದಿಯಲ್ಲಿ 75ರ ಬದಲು 50. 30ನೇ ಸರದಿಯ ಊರು ಗುಣವಿಲ್ಲದೆ ಶೇ. 90ರ ಗೋಡೆಗೆ ಬಡಿದು ನಿಂತಿರುತ್ತದೆ. ಗುಣವಿದ್ದರೆ 70ರಲ್ಲೇ ಉಳಿಯುತ್ತದೆ. 40ನೇ ಸರದಿಗೆ ಬಂದರೆ ಗುಣವಿದ್ದರೂ ಇಲ್ಲದಿದ್ದರೂ 90.

ಹೀಗಾಗಿ ಗುಣದ ಲಾಭವೆಲ್ಲ ನಡುವಿನ ಸುತ್ತಿನಲ್ಲಿದೆ, ಸರಿಸುಮಾರು 15ರಿಂದ 32ರವರೆಗಿನ ಊರುಗಳಲ್ಲಿ. ಎಂಟು ಹತ್ತು ಊರು ಕಟ್ಟಿ ನಿಲ್ಲಿಸಿಬಿಡುವ ಆಟಗಾರರಿಗೆ ಈ ಗುಣ ಬಹುತೇಕ ವ್ಯರ್ಥ. ಕಮರ್ಷಿಯಲ್ ನಾಗರಿಕತೆ ಹಿಡಿದರೆ ರಾಜಧಾನಿಯ ಸುತ್ತಲಿನ ಊರುಗಳು ಮುಗಿದೊಡನೆ ಸೆಟ್ಲರ್‌ಗಳನ್ನು (ಹೊಸ ಊರು ಕಟ್ಟುವವರನ್ನು) ಕಳಿಸುತ್ತಲೇ ಇರಿ, ನೆರೆಯವನ ನೆಲ ಕೈಗೆಟುಕಿದರೆ ಬಿಡಬೇಡಿ.

ಊರು ಎಲ್ಲಿ ಕಟ್ಟಬೇಕು

ಬಹಳ ಮಂದಿ ತಪ್ಪು ತಿಳಿಯುವ ಒಂದು ವಿಷಯವಿದೆ. ದೂರದ ದ್ವೀಪದಲ್ಲಿ ಹೊಸ ಊರು ಕಟ್ಟಿದರೆ ರಾಜಧಾನಿಯ ಸುತ್ತಲಿನ ಊರುಗಳ ಭ್ರಷ್ಟಾಚಾರ ಏರುವುದಿಲ್ಲ, ಏಕೆಂದರೆ ಸರದಿಗೆ ಲೆಕ್ಕ ಸೇರುವುದು ಒಳಗಿನ ಊರುಗಳು ಮಾತ್ರ. ತೊಂದರೆ ಇರುವುದು ಇದರ ತಿರುಗಿನಲ್ಲಿ: ತಡವಾಗಿ ಒಳಸುತ್ತಿನ ಖಾಲಿ ಜಾಗದಲ್ಲಿ ಊರು ತುರುಕಿದರೆ ಹೊರಗಿನ ಪ್ರತಿ ಊರಿನ ಸರದಿಯೂ ಒಂದೊಂದು ಏರುತ್ತದೆ. ಸಂಖ್ಯೆ 25 ಇದ್ದಾಗ ಮಿತಿಯೊಳಗಿನ ಊರಿಗೆ ಶೇ. 2, ಮಿತಿ ದಾಟಿದ ಊರಿಗೆ ಶೇ. 4 ನಷ್ಟ. ಒಳಗಿನ ಜಾಗ ಒಳ್ಳೆಯ ನದಿ ದಂಡೆಯಾಗಿದ್ದರೆ ಈ ಬೆಲೆ ಕೊಡಬಹುದು. ಎರಡು ಗುಡ್ಡ, ಒಂದು ಮರಳುಗಾಡಿಗಾಗಿ ಬೇಡ. ಒಳಸುತ್ತನ್ನು ಮೊದಲು, ಒತ್ತಾಗಿ ತುಂಬಿಬಿಡುವುದೇ ಸರಿ.

ಕಮ್ಯುನಿಸಂ ಸರ್ಕಾರಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಭ್ರಷ್ಟಾಚಾರ ಎಲ್ಲ ಊರಿಗೂ ಹಂಚಿಹೋಗುತ್ತದೆ, ಪ್ರತಿ ಹೊಸ ಊರೂ ಎಲ್ಲರ ಮೇಲೆ ಹೊರೆ.

ದೂರದ ಪಾಲಿಗೆ ಬೇರೆ ಮದ್ದು

ಈ ಪಾಲನ್ನು ಕಮರ್ಷಿಯಲ್ ಗುಣ ಮುಟ್ಟುವುದಿಲ್ಲವಾದ್ದರಿಂದ ನೀವೇ ಇಳಿಸಬೇಕು. ಊರನ್ನು ರಸ್ತೆ ಅಥವಾ ಬಂದರಿನ ಮೂಲಕ ರಾಜಧಾನಿಗೆ ಜೋಡಿಸಿ. ಫ್ರಾನ್ಸ್‌ಗೆ ಇಂಡಸ್ಟ್ರಿಯಸ್ ಗುಣವೂ ಇರುವುದರಿಂದ ಅದರ ಕೆಲಸಗಾರರು ರಸ್ತೆಗಳನ್ನು ಬೇಗ ಮುಗಿಸುತ್ತಾರೆ. ಎರಡನೇ ರಾಜಧಾನಿಯಂತೆ ಕೆಲಸ ಮಾಡುವ ಫರ್ಬಿಡನ್ ಪ್ಯಾಲೇಸ್ ಎಂಬ ಕಟ್ಟಡ ಕಟ್ಟಿದರೆ ದೂರವನ್ನು ಅದರಿಂದ ಅಥವಾ ರಾಜಧಾನಿಯಿಂದ, ಯಾವುದು ಹತ್ತಿರವೋ ಅಲ್ಲಿಂದ ಅಳೆಯುತ್ತಾರೆ. ರಾಜಧಾನಿಯ ಪಕ್ಕದಲ್ಲೇ ಅದನ್ನು ಕಟ್ಟಿದರೆ ಈ ಲಾಭ ಕೈತಪ್ಪುತ್ತದೆ. ತೀರ ದೂರದ ಊರಿನಲ್ಲಿ ಕಟ್ಟಲು ಹೊರಟರೆ, ಅಲ್ಲಿ ಒಂದು ಟರ್ನ್‌ಗೆ ಒಂದೇ ಶೀಲ್ಡ್ ಸಿಗುವ ಕಾರಣ ಅದು ಮುಗಿಯುವುದೇ ಇಲ್ಲ. ಅರ್ಧದಷ್ಟಾದರೂ ಶೀಲ್ಡ್ ಉಳಿಸಿಕೊಳ್ಳುವ, ಇನ್ನೊಂದು ದಿಕ್ಕಿನ ಊರುಗಳಿಗೆ ನಡುವಾಗುವ ಊರನ್ನು ಆರಿಸಿ.

ಸರ್ಕಾರ ಬದಲಾಯಿಸುವುದೂ ಮುಖ್ಯ. ಡೆಸ್ಪಾಟಿಸಂನಲ್ಲಿ ಸೋರಿಕೆ ವಿಪರೀತ, ಡೆಮಾಕ್ರಸಿಯಲ್ಲಿ ಅತಿ ಕಡಿಮೆ. ಬದಲಾವಣೆಯ ನಡುವಿನ ಅರಾಜಕತೆ ರಿಲಿಜಿಯಸ್ ಗುಣವಿದ್ದವರಿಗೆ ಎರಡೇ ಟರ್ನ್‌ನಲ್ಲಿ ಮುಗಿಯುತ್ತದೆ. ಭಾರತದ ಬಳಿ ಕಮರ್ಷಿಯಲ್, ರಿಲಿಜಿಯಸ್ ಎರಡೂ ಇವೆ. ವಿಶಾಲ ಸಾಮ್ರಾಜ್ಯಕ್ಕೆ ಇದಕ್ಕಿಂತ ಹೊಂದುವ ಜೋಡಿ ಕಡಿಮೆ. ಆರಂಭದಲ್ಲೇ ರಿಪಬ್ಲಿಕ್‌ಗೆ ಹೋಗಿ, ಮುಂದೆ ಡೆಮಾಕ್ರಸಿಗೆ ಜಿಗಿಯಲು ಹಿಂಜರಿಯಬೇಡಿ.

ಕೋರ್ಟ್‌ಹೌಸ್ ಎಲ್ಲಿ, ಲೈಬ್ರರಿ ಎಲ್ಲಿ

ಲೈಬ್ರರಿ, ಮಾರ್ಕೆಟ್‌ಪ್ಲೇಸ್ ಹೆಚ್ಚಿಸುವುದು ಭ್ರಷ್ಟಾಚಾರ ಕಳೆದು ಉಳಿದದ್ದನ್ನು ಮಾತ್ರ. ಹತ್ತರಲ್ಲಿ ಒಂದು ಉಳಿಯುವ ಊರಿನಲ್ಲಿ ಲೈಬ್ರರಿ ಕಟ್ಟಿದರೆ ಒಂದರ ಅರ್ಧ ಸಿಗುತ್ತದೆ, ನಿರ್ವಹಣೆಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಕೋಡ್ ಆಫ್ ಲಾಸ್ ಎಂಬ ತಂತ್ರಜ್ಞಾನ ಬಂದ ಮೇಲೆ, ಭ್ರಷ್ಟಾಚಾರ ಇಳಿಸುವ ಕೋರ್ಟ್‌ಹೌಸ್‌ಗಳನ್ನು ಮೊದಲು 15ರಿಂದ 30ನೇ ಸರದಿಯ ಊರುಗಳಿಗೆ ಕೊಡಿ. ಕಮರ್ಷಿಯಲ್ ಗುಣವೂ ಕೋರ್ಟ್‌ಹೌಸೂ ಸೇರಿದಾಗ ಅಲ್ಲಿ ನಿಜವಾದ ಬದಲಾವಣೆ ಕಾಣುತ್ತದೆ. ರಾಜಧಾನಿ ಪಕ್ಕದ ಊರುಗಳಿಗೆ ಅದು ಬೇಕಿಲ್ಲ.

ಶೇ. 90 ಮುಟ್ಟಿದ ಊರುಗಳ ಕಥೆ ಬೇರೆ. ಆಹಾರಕ್ಕೆ ಭ್ರಷ್ಟಾಚಾರ ತಟ್ಟುವುದಿಲ್ಲ, ತಜ್ಞರ ಆದಾಯಕ್ಕೂ ತಟ್ಟುವುದಿಲ್ಲ. ನೀರಾವರಿ ಮಾಡಿ ಜನ ಬೆಳೆಸಿ, ಹೆಚ್ಚುವರಿ ಜನರನ್ನು ಹೊಲದಿಂದ ತೆಗೆದು ವಿಜ್ಞಾನಿಗಳನ್ನಾಗಿ ಮಾಡಿ: ಒಬ್ಬೊಬ್ಬರಿಗೆ 3 ಬೀಕರ್ (ಸಂಶೋಧನೆಯ ಅಳತೆ). ತೆರಿಗೆಯವರಾದರೆ 2 ಚಿನ್ನ. ಅಗ್ರಿಕಲ್ಚರಲ್ ಗುಣದ ಹೆಚ್ಚುವರಿ ಆಹಾರ ಇಲ್ಲಿ ನೇರ ಲಾಭ, ಹಾಗಾಗಿ ಎರಡೂ ಗುಣವಿರುವ ಇರಾಕ್ವಾ ನಡುಸುತ್ತಿನಲ್ಲೂ ಹೊರಸುತ್ತಿನಲ್ಲೂ ಗೆಲ್ಲುತ್ತದೆ.

ಇಂಥ ಊರಿನಲ್ಲಿ ಕೋರ್ಟ್‌ಹೌಸ್ ಬೇಕೇಬೇಕೆಂದರೆ ಚಿನ್ನ ಕೊಟ್ಟು ಮುಗಿಸಿ, ಆದರೆ ಒಂದು ಟರ್ನ್ ಕಾಯಿರಿ. ಒಂದು ಶೀಲ್ಡ್ ಆದರೂ ಬಿದ್ದ ಮೇಲೆ ಉಳಿದ ಪ್ರತಿ ಶೀಲ್ಡ್‌ಗೆ 4 ಚಿನ್ನ; ಏನೂ ಬೀಳದೆ ಕೊಂಡರೆ ಬೆಲೆ ಇಮ್ಮಡಿ.