ಎಣ್ಣೆಯಲ್ಲಿ ಒಡೆಯದ ಕೇಜನ್ ಸಿಗಡಿ ಉಂಡೆ

ಕೇಜನ್ ಎಂದರೆ ಯಾವುದೋ ಖಾರದ ಪುಡಿ ಎಂಬ ಭಾವನೆ ಹೋಟೆಲ್ ಮೆನುಗಳಿಂದ ಬಂದದ್ದು. ಅದು ಒಂದು ಜನಸಮುದಾಯದ ಹೆಸರು. ಇಂದಿನ ಕೆನಡಾದ ಅಕೇಡಿಯಾದಿಂದ 1755ರಿಂದೀಚೆಗೆ ಬ್ರಿಟಿಷರು ಹೊರಗಟ್ಟಿದ ಫ್ರೆಂಚ್ ಭಾಷಿಕರಲ್ಲಿ ಹಲವರು ಅಮೆರಿಕದ ದಕ್ಷಿಣ ಲೂಸಿಯಾನಾದಲ್ಲಿ ನೆಲೆನಿಂತರು. 'ಅಕೇಡಿಯನ್' ಎಂಬುದು ಆಡುಮಾತಿನಲ್ಲಿ ಸವೆದು 'ಕೇಜನ್' ಆಯಿತು. ಭತ್ತ ಬೆಳೆಯುವ ಆ ಸೀಮೆಯ ಮುಖ್ಯ ತಿಂಡಿ ಬೂಡ್ಯಾನ್: ಅನ್ನ, ಹಂದಿಮಾಂಸ, ಈರುಳ್ಳಿ ಕಲಸಿ ಕರುಳಿನ ಚೀಲಕ್ಕೆ ತುಂಬಿದ್ದು. ಅದೇ ಹೂರಣವನ್ನು ಉಂಡೆ ಕಟ್ಟಿ ಕರಿದರೆ ಬೂಡ್ಯಾನ್ ಬಾಲ್. ಈಸ್ಟರ್‌ಗೆ ಮುಂಚಿನ ವ್ರತದ ಕಾಲವಾದ ಲೆಂಟ್‌ನಲ್ಲಿ, ಕ್ಯಾಥೊಲಿಕರು ಮಾಂಸ ಬಿಡುವ ಶುಕ್ರವಾರಗಳಂದು ಹಂದಿಯ ಜಾಗಕ್ಕೆ ಸಿಗಡಿ, ಏಡಿ, ಸಿಹಿನೀರಿನ ಸಿಗಡಿಯಂಥ ಕ್ರಾಫಿಶ್ ಬರುತ್ತವೆ.

ಚೀಲದೊಳಗೆ ಹೂರಣ ಎಷ್ಟೇ ಸಡಿಲವಿದ್ದರೂ ನಡೆಯುತ್ತದೆ. ಉಂಡೆಗೆ ಆ ಆಸರೆ ಇಲ್ಲ. ನೀರಿನಂಶ ಹೆಚ್ಚಾದರೆ ಬಾಣಲೆಯಲ್ಲೇ ಬಾಯಿ ಬಿಡುತ್ತದೆ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ನೀರನ್ನು ಹದದಲ್ಲಿಡುವ ಕೆಲಸಗಳೇ.

ಬೇಕಾಗುವುದು (ಸುಮಾರು 20 ಉಂಡೆಗೆ): ಸಿಪ್ಪೆ ತೆಗೆದ ಸಿಗಡಿ 300 ಗ್ರಾಂ (ತಲೆ, ಸಿಪ್ಪೆ ಎಸೆಯಬೇಡಿ), ಬೇಯಿಸಿ ಬಿಡಿಸಿದ ಏಡಿ ಮಾಂಸ 100 ಗ್ರಾಂ, ಅಕ್ಕಿ 150 ಗ್ರಾಂ, ಬೆಣ್ಣೆ 40 ಗ್ರಾಂ, ಈರುಳ್ಳಿ 1, ಹಸಿರು ದೊಣ್ಣೆ ಮೆಣಸಿನಕಾಯಿ ಅರ್ಧ, ಸೆಲರಿ ದಂಟು 1, ಬೆಳ್ಳುಳ್ಳಿ 4 ಎಸಳು, ಈರುಳ್ಳಿ ಸೊಪ್ಪು ಅರ್ಧ ಕಪ್, ಪಾರ್ಸ್ಲಿ ಸ್ವಲ್ಪ. ಖಾರದ ಮೆಣಸಿನ ಪುಡಿ ಮತ್ತು ಪ್ಯಾಪ್ರಿಕಾ ತಲಾ 1 ಚಮಚ, ಕಾಳುಮೆಣಸಿನ ಪುಡಿ ಮತ್ತು ಒಣ ಥೈಮ್ ತಲಾ ಅರ್ಧ ಚಮಚ, ಉಪ್ಪು. ಹೊರಲೇಪಕ್ಕೆ ಮೈದಾ ಅರ್ಧ ಕಪ್, ಮೊಟ್ಟೆ 2, ಬ್ರೆಡ್ ಪುಡಿ ಒಂದೂವರೆ ಕಪ್. ಕರಿಯಲು ಕಡಲೆಕಾಯಿ ಎಣ್ಣೆ.

ಪ್ಯಾಪ್ರಿಕಾ ಸಿಗದಿದ್ದರೆ ಬ್ಯಾಡಗಿ ಮೆಣಸಿನ ಪುಡಿ ಬಳಸಬಹುದು. ಅದು ಬಣ್ಣವನ್ನೂ ಕೊಡುತ್ತದೆ, ಹೆಚ್ಚು ಉರಿಯುವುದೂ ಇಲ್ಲ. ಅಕ್ಕಿ ಮಾತ್ರ ಬಾಸ್ಮತಿ ಬೇಡ, ಅದರ ಅನ್ನ ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಲೂಸಿಯಾನಾದಲ್ಲಿ ಮಧ್ಯಮ ಗಾತ್ರದ, ಅಂಟುವ ಅಕ್ಕಿಯನ್ನು ಇಷ್ಟಪಡುತ್ತಾರೆ. ನಮ್ಮಲ್ಲಿ ಹೊಸ ಸೋನಾ ಮಸೂರಿ ಸರಿಹೋಗುತ್ತದೆ.

ಮೊದಲು ರಸ. ಸಿಗಡಿಯ ತಲೆ, ಸಿಪ್ಪೆಗಳನ್ನು ಒಂದು ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಹುರಿದು, 650 ಮಿ.ಲೀ. ನೀರು ಹಾಕಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ ಸೋಸಿ. ಇನ್ನೂ ಹೊತ್ತು ಕುದಿಸಿದರೆ ರುಚಿ ಕೆಡುತ್ತದೆ. ಇದರಲ್ಲಿ 300 ಮಿ.ಲೀ. ರಸಕ್ಕೆ ಉಪ್ಪು ಹಾಕಿ ಅಕ್ಕಿಯನ್ನು ಮೆತ್ತಗೆ ಬೇಯಿಸಿ. ಉಳಿದದ್ದು ಕೊನೆಗೆ ಬೇಕು.

ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸೆಲರಿ ಈ ಮೂರನ್ನು ಅಲ್ಲಿನವರು 'ಪವಿತ್ರ ತ್ರಯ' ಎನ್ನುತ್ತಾರೆ. ಸಾಸಿವೆ ಕಾಳಿನಷ್ಟು ಅಲ್ಲದಿದ್ದರೂ ತೊಗರಿ ಬೇಳೆಯಷ್ಟು ಸಣ್ಣಗೆ ಹೆಚ್ಚಿ. ತುಂಡು ದೊಡ್ಡದಾದರೆ ಉಂಡೆ ಅಲ್ಲಿಂದಲೇ ಸೀಳುತ್ತದೆ. ಬೆಣ್ಣೆಯಲ್ಲಿ 10 ನಿಮಿಷ ಬಾಡಿಸಿ. ನೀರು ಆರಿ ಬೆಣ್ಣೆ ಬೇರ್ಪಟ್ಟು ಕಾಣಬೇಕು. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಪುಡಿಗಳು, ಉಪ್ಪು.

ಸಿಗಡಿಯ ಬೆನ್ನಿನ ಕಪ್ಪು ದಾರ ತೆಗೆದು, ಅರ್ಧ ಪಾಲನ್ನು ಕೊಚ್ಚಿ ಮುದ್ದೆ ಮಾಡಿ, ಇನ್ನರ್ಧವನ್ನು ಕಡಲೆ ಗಾತ್ರಕ್ಕೆ ಕತ್ತರಿಸಿ. ಮುದ್ದೆ ಅಂಟಾಗುತ್ತದೆ, ತುಂಡು ಬಾಯಿಗೆ ಸಿಗುತ್ತದೆ. ಎರಡನ್ನೂ ಬಾಣಲೆಗೆ ಹಾಕಿ ಪೂರ್ತಿ ಬಣ್ಣ ತಿರುಗುವವರೆಗೆ, ಎರಡು ಮೂರು ನಿಮಿಷ ಕೈಯಾಡಿಸಿ. ಕರಿಯುವಾಗ ಒಳಗೆ ಹೇಗೂ ಬೇಯುತ್ತದೆ ಎಂದು ಹಸಿ ಬಿಡಬೇಡಿ. ಹೊರಪದರ ಕೆಂಪಾಗುವಷ್ಟರಲ್ಲಿ ನಡುಭಾಗ ಬಿಸಿಯಾಗುವುದೇ ಹೆಚ್ಚು. ಉರಿ ಆರಿಸಿ ಏಡಿ ಮಾಂಸ ಸೇರಿಸಿ. ಚಿಪ್ಪಿನ ಚೂರುಗಳಿವೆಯೇ ಎಂದು ಮೊದಲೇ ಬೆರಳಲ್ಲಿ ತಡವಿ ನೋಡಿರಬೇಕು.

ಬಿಸಿ ಅನ್ನದ ಮೂರನೇ ಒಂದು ಪಾಲನ್ನು ಸೌಟಿನಿಂದ ಮಸೆದು, ಉಳಿದ ಅನ್ನ, ಸೊಪ್ಪುಗಳ ಜೊತೆ ಬಾಣಲೆಗೆ ಹಾಕಿ ಕಲಸಿ. ಉಳಿಸಿದ ರಸವನ್ನು ಚಮಚ ಚಮಚವಾಗಿ ಹಾಕಿ. ಎಲ್ಲವೂ ಬೇಕಾಗದೇ ಹೋಗಬಹುದು. ಮುಷ್ಟಿಯಲ್ಲಿ ಹಿಂಡಿದರೆ ಬೆರಳಚ್ಚು ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಜಿನುಗಬಾರದು. ಜಿನುಗಿದರೆ ಎರಡು ಚಮಚ ಬ್ರೆಡ್ ಪುಡಿ ಬೆರೆಸಿ. ಮೊಟ್ಟೆ ಹಾಕುವ ಆಸೆ ಬೇಡ, ಹೂರಣ ರಬ್ಬರಿನಂತಾಗುತ್ತದೆ. ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ತಣಿಸಿ, 2 ಗಂಟೆ ಫ್ರಿಜ್ಜಿನಲ್ಲಿಡಿ. ಅನ್ನ, ಸಿಗಡಿ ಎರಡೂ ಹೊರಗಿಟ್ಟರೆ ಬೇಗ ಕೆಡುವ ಪದಾರ್ಥಗಳು.

ಒದ್ದೆ ಕೈಯಲ್ಲಿ 40 ಗ್ರಾಂನ, ಅಂದರೆ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಒತ್ತಿ ಕಟ್ಟಿ. ಒಳಗೆ ಗಾಳಿ ಉಳಿಯಬಾರದು. ಮೈದಾದಲ್ಲಿ ಹೊರಳಿಸಿ ಹೆಚ್ಚಿನದನ್ನು ಕೊಡವಿ, ಎರಡು ಚಮಚ ಹಾಲು ಸೇರಿಸಿ ಕಡೆದ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಉರುಳಿಸಿ. ಲೇಪ ಸಿಪ್ಪೆಯಂತೆ ಕಳಚಿ ಬಂದರೆ ಮೈದಾ ದಪ್ಪವಾಗಿದೆ ಎಂದರ್ಥ. ಮತ್ತೆ 15 ನಿಮಿಷ ಫ್ರಿಜ್ಜಿನಲ್ಲಿಡಿ.

ಎಣ್ಣೆ ಉಂಡೆ ಮುಳುಗುವಷ್ಟು ಆಳವಿರಲಿ, ಶಾಖ 175 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದವರು ಬ್ರೆಡ್ ತುಂಡು ಹಾಕಿ ನೋಡಿ: ಸುಮಾರು ಒಂದು ನಿಮಿಷಕ್ಕೆ ಹೊಂಬಣ್ಣ ಬಂದರೆ ಹದ. ಒಂದು ಸಲಕ್ಕೆ ನಾಲ್ಕೈದು ಉಂಡೆ ಸಾಕು, 3ರಿಂದ 4 ನಿಮಿಷ. ಮೊದಲ ಅರ್ಧ ನಿಮಿಷ ಜಾಲರಿ ಸೌಟು ತಾಗಿಸಬೇಡಿ. ಎಣ್ಣೆ ತಣ್ಣಗಿದ್ದರೆ ಉಂಡೆ ಎಣ್ಣೆ ಕುಡಿದು ಭಾರವಾಗುತ್ತದೆ. ಅತಿಯಾಗಿ ಕಾದಿದ್ದರೆ ಹೊರಗೆ ಕಪ್ಪು, ಒಳಗೆ ತಣ್ಣಗೆ. ಕಾಗದದ ಮೇಲೆ ಹಾಕಿದರೆ ಹಬೆಗೆ ತಳ ಮೆತ್ತಗಾಗುತ್ತದೆ, ತಂತಿ ಜಾಲರಿಯ ಮೇಲೆ ಬಸಿಯಿರಿ.

ನಂಚಿಕೊಳ್ಳಲು ರೆಮುಲಾಡ್: ಅರ್ಧ ಕಪ್ ಮಯೋನೈಸ್, ಒಂದು ದೊಡ್ಡ ಚಮಚ ತರಿತರಿ ಸಾಸಿವೆ ಪೇಸ್ಟ್, ಚಿಟಿಕೆ ಪ್ಯಾಪ್ರಿಕಾ, ಅರ್ಧ ನಿಂಬೆ ರಸ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು. ಉಂಡೆ ಕರಿಯುವ ಒಂದು ಗಂಟೆ ಮೊದಲೇ ಕಲಸಿ ತಣ್ಣಗಿಡಿ.