ಬೇಲಿ ಬದಿಯ ಬೇಸಿಗೆ ಹೂ: ಫೋಟೊ ತೆಗೆಯುವುದು ಹೇಗೆ?

ಹೂಮಳೆ (ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ) ಬಿದ್ದು ಎಂಟು–ಹತ್ತು ದಿನ ಕಳೆಯಿತೆಂದರೆ ಕೊಡಗಿನವರ ವಾಟ್ಸ್ಆ್ಯಪ್ ಸ್ಟೇಟಸ್‌ಗಳೆಲ್ಲ ಬೆಳ್ಳಗಾಗುತ್ತವೆ. ಎಲ್ಲಿ ನೋಡಿದರೂ ಕಾಫಿ ಹೂ. ಸಿದ್ದಾಪುರದಲ್ಲಿ ತೆಗೆದದ್ದೂ ಸೋಮವಾರಪೇಟೆಯಲ್ಲಿ ತೆಗೆದದ್ದೂ ಒಂದೇ ಥರ ಕಾಣುತ್ತದೆ, ಅಲ್ವಾ? ಹತ್ತು ಗಂಟೆ ಬಿಸಿಲಲ್ಲಿ, ನಿಂತಲ್ಲೇ ನಿಂತು, ಮೇಲಿಂದ ಕೆಳಕ್ಕೆ ಫೋನ್ ಹಿಡಿದರೆ ಹಾಗೇ ಆಗುವುದು. ಹೂ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬರುತ್ತದೆ. ಎಸಳು ಯಾವುದು, ಕೇಸರ ಯಾವುದು ಗೊತ್ತೇ ಆಗುವುದಿಲ್ಲ.

ಇದನ್ನು ಸರಿಪಡಿಸಲು ದುಬಾರಿ ಕ್ಯಾಮೆರಾ ಬೇಡ. ಬೆಟ್ಟದ ಮೇಲಿನ ಮಾಂದಲಪಟ್ಟಿಗೆ ಜೀಪು ಹತ್ತುವುದೂ ಬೇಡ. ಮನೆ ಹತ್ತಿರದ ಹೂವಿನಿಂದ ಒಂದು ದೊಡ್ಡ ಅನುಕೂಲ ಇದೆ. ಅದರ ಮೇಲೆ ಬಿಸಿಲು ಎಷ್ಟು ಹೊತ್ತಿಗೆ ಬೀಳುತ್ತದೆ, ಅದರ ಹಿಂದೆ ಏನಿದೆ ಎನ್ನುವುದು ನಿಮಗೆ ಮೊದಲೇ ಗೊತ್ತಿರುತ್ತದೆ. ಹೂವಿನ ಫೋಟೊದಲ್ಲಿ ಮುಕ್ಕಾಲು ಪಾಲು ಕೆಲಸ ಈ ಎರಡರದ್ದೇ.

ಯಾವ ಹೂ, ಯಾವಾಗ?

ಕೊಡಗು ಸಣ್ಣ ಜಿಲ್ಲೆ. ಆದರೂ ಬೇಸಿಗೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಕುಶಾಲನಗರದ ಕಡೆ ಒಣ ಹವೆ. ಅಲ್ಲಿ ಫೆಬ್ರುವರಿ–ಮಾರ್ಚ್‌ನಲ್ಲೇ ಮುತ್ತುಗ ಕೆಂಪಾಗಿರುತ್ತದೆ. ಏಪ್ರಿಲ್ ಹೊತ್ತಿಗೆ ಕಕ್ಕೆ ಮರದಲ್ಲಿ ಹಳದಿ ಗೊಂಚಲು ಇಳಿಬೀಳುತ್ತವೆ. ಕಾಫಿ ತೋಟದೊಳಗೆ ಹಾಲುವಾಣ ಎಲೆ ಉದುರಿಸಿ ಕೆಂಪು ಹೂ ಬಿಟ್ಟಿರುತ್ತದೆ. ಮೇ ಕೊನೆಗೆ, ಮಳೆಗಾಲದ ಬಾಗಿಲಲ್ಲಿ, ಹಳೇ ಹಲಸು, ಮಾವಿನ ಮರಗಳ ಮೈಮೇಲೆ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂ ಜೋತು ಬೀಳುತ್ತದೆ.

ಇವೆಲ್ಲ ಕಣ್ಣಿಗೆ ತಾವೇ ಬೀಳುವ ಹೂಗಳು. ಕಲಿಯುವುದಕ್ಕೆ ಇವುಗಳಿಗಿಂತ ಕಾಲ ಬುಡದಲ್ಲಿರುವವೇ ಒಳ್ಳೆಯವು. ಗದ್ದೆ ಬದುವಿನ ತುಂಬೆ, ಅಂಗಳದಂಚಿನ ಮುಟ್ಟಿದರೆ ಮುನಿ, ಬೇಲಿಯ ಲಂಟಾನ, ರಸ್ತೆ ಬದಿಯ ಬರೆಯಲ್ಲಿ ತಾನಾಗಿ ಹುಟ್ಟಿದ ಹೆಸರು ಗೊತ್ತಿಲ್ಲದ ಹೂ. ಐದಾರು ಗಿಡ ಗುರುತು ಮಾಡಿಕೊಳ್ಳಿ. ಬೆಳಗ್ಗೆ ಹಾಲು ತರಲು ಹೋಗುವಾಗ ಒಂದು ಸಲ, ಸಂಜೆ ಒಂದು ಸಲ ಸುಮ್ನೆ ನೋಡಿಕೊಂಡು ಬನ್ನಿ, ಫೋನ್ ತೆಗೆಯಬೇಡಿ. ಯಾವುದು ಬೆಳಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ, ಯಾವುದರ ಮೇಲೆ ಎಷ್ಟು ಹೊತ್ತಿಗೆ ನೆರಳು ಬರುತ್ತದೆ ಎನ್ನುವುದು ತಿಳಿಯುತ್ತದೆ. ತೋಟದಲ್ಲಿ ಕಳೆ ಕೊಚ್ಚುವ ಮೆಷಿನ್ ಯಾವತ್ತು ಬರುತ್ತದೆ ಎಂದೂ ಕೇಳಿಟ್ಟುಕೊಳ್ಳಿ. ಅದು ಬಂದು ಹೋದ ಮೇಲೆ ಫೋಟೊಗೆ ಏನೂ ಉಳಿದಿರುವುದಿಲ್ಲ.

ಹೊರಡುವ ಮುನ್ನ

ದಕ್ಷಿಣ ಕೊಡಗಿನವರಿಗೆ ಇದನ್ನು ಹೇಳುವುದೇ ಬೇಡ. ಆದರೂ ರಜೆಗೆ ಬಂದ ನೆಂಟರಿಗಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಹಲಸು ಹಣ್ಣಾಗುತ್ತದೆ, ಅದರ ವಾಸನೆ ಹಿಡಿದು ಆನೆ ತೋಟಕ್ಕೆ ಬರುತ್ತದೆ. ಒಳ್ಳೆಯ ಬೆಳಕು ಸಿಗುವುದು ಮುಂಜಾನೆ, ಆನೆ ಓಡಾಡುವುದೂ ಅದೇ ಹೊತ್ತು. ನೆಲಕ್ಕೆ ಕೂತು ಹೂವಿನ ಮೇಲೇ ಕಣ್ಣಿಟ್ಟವರಿಗೆ ಹಿಂದೆ ಏನು ಬಂತೆಂದು ತಿಳಿಯುವುದಿಲ್ಲ. ಲೈನ್‌ಮನೆಯವರನ್ನು (ತೋಟದಲ್ಲೇ ಇರುವ ಕಾರ್ಮಿಕರನ್ನು) ಮೊದಲು ವಿಚಾರಿಸಿ. ‘ಅಣ್ಣಾ, ರಾತ್ರಿ ಆನೆ ಬಂದಿತ್ತಾ?’ ಎಂಬ ಒಂದು ಪ್ರಶ್ನೆ ಸಾಕು. ಸಂಶಯ ಇದ್ದರೆ ಆ ದಿನ ಮನೆ ಅಂಗಳದ ಹೂವೇ ಸಾಕು. ತೋಟಕ್ಕೆ ಹೋಗುವುದಾದರೂ ಪೂರ್ತಿ ಬೆಳಕಾದ ಮೇಲೆ, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ.

ಮಂಡಿಯೂರುವ ಜಾಗವನ್ನು ಕೋಲಿನಿಂದ ತಡವಿ ನೋಡಿ, ಹಾವಿರಬಹುದು. ಒಣ ಹುಲ್ಲಿನಲ್ಲಿ ಉಣ್ಣಿ ಹತ್ತುತ್ತದೆ, ಮಳೆ ಬಿದ್ದ ಮೇಲೆ ಜಿಗಣೆ. ಒಂದು ಹಳೇ ಗೋಣಿಚೀಲ ಜೊತೆಗಿದ್ದರೆ ಕೂರುವುದಕ್ಕೂ ಆಗುತ್ತದೆ, ಮಲಗುವುದಕ್ಕೂ ಆಗುತ್ತದೆ.

ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಬೇರೆಲ್ಲೂ ಕಾಣದ ಗಿಡ ಅಲ್ಲಿ ಸಿಗಬಹುದು. ಆದರೆ ಒಂದೊಂದು ಊರಿನ ಕಟ್ಟುಪಾಡು ಒಂದೊಂದು ಥರ. ದೇವಸ್ಥಾನದ ಹೊಣೆ ಹೊತ್ತ ದೇವತಕ್ಕರನ್ನೋ ಊರಿನ ಹಿರಿಯರನ್ನೋ ಕೇಳಿಯೇ ಒಳಗೆ ಹೋಗಿ. ಬೇಡ ಎಂದರೆ ಬೇಡ.

ಬೆಳಕು: ಕೊಡೆ ಮರೆಯಬೇಡಿ

ಕಾಫಿ ತೋಟದ ಬೆಳಕು ಕ್ಯಾಮೆರಾಗೆ ಕಷ್ಟದ್ದು. ನೆರಳು ಮರಗಳ ಸಂದಿಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ. ನಮ್ಮ ಕಣ್ಣಿಗೆ ಅದು ಚೆಂದ. ಫೋಟೊದಲ್ಲಿ ಮಾತ್ರ ಹೂವಿನ ಒಂದು ಎಸಳು ಉರಿಯುವಷ್ಟು ಬಿಳಿ, ಪಕ್ಕದ ಎಸಳು ಕತ್ತಲೆ. ಮರ ಕಪಾತು ಆದ (ಕೊಂಬೆ ಕಡಿದ) ತೋಟದಲ್ಲಂತೂ ಇದು ಇನ್ನೂ ಜಾಸ್ತಿ.

ಇದಕ್ಕೆ ಮದ್ದು ಮನೆ ಮನೆಯಲ್ಲೂ ಇದೆ, ಕೊಡೆ. ಹೂವಿನ ಮೇಲೆ ಕೊಡೆ ಹಿಡಿದರೆ ಬೆಳಕು ಒಂದೇ ಸಮ ಆಗುತ್ತದೆ. ಎಸಳಿನ ನಾಳಗಳು, ಕೇಸರದ ಮೇಲಿನ ಪುಡಿ ಎಲ್ಲ ಕಾಣತೊಡಗುತ್ತದೆ. ಹೂವಿನ ಒಂದು ಮಗ್ಗುಲು ತೀರಾ ಕಪ್ಪಾದರೆ ಆ ಕಡೆಯಿಂದ ಬಿಳಿ ಹಾಳೆಯನ್ನೋ ಥರ್ಮಾಕೋಲ್ ತುಂಡನ್ನೋ ಹಿಡಿಯಿರಿ. ನನ್ನ ಲೆಕ್ಕದಲ್ಲಿ ಹೂವಿನ ಫೋಟೊಗೆ ಲೆನ್ಸ್ ಆದಮೇಲೆ ಕೊಡೆಯೇ ದೊಡ್ಡ ಸಾಮಾನು. ಏಪ್ರಿಲ್ ಮಧ್ಯಾಹ್ನದ ಮಳೆಗೂ ಆಗುತ್ತದೆ. ಆದರೆ ಗುಡುಗು ಶುರುವಾದರೆ ಎಲ್ಲ ಬಿಟ್ಟು ಮನೆ ಸೇರಿಕೊಳ್ಳಿ.

ಇನ್ನು ಬಿಳಿ ಹೂವಿನ ವಿಚಾರ. ಕ್ಯಾಮೆರಾ ಯಾವುದನ್ನು ಕಂಡರೂ ಅದನ್ನು ಮಧ್ಯಮ ಬೆಳಕಿಗೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಾಫಿ ಹೂವೇ ಇದ್ದರೆ ಅದನ್ನು ಬೂದು ಮಾಡಿಬಿಡುತ್ತದೆ. ಆಗ ಬೆಳಕನ್ನು ಸ್ವಲ್ಪ ಏರಿಸಬೇಕು. ಕಪ್ಪು ನೆರಳಿನ ಮುಂದೆ ಪುಟ್ಟ ತುಂಬೆ ಹೂ ಇದ್ದರೆ ಉಲ್ಟಾ. ಕತ್ತಲೆ ಜಾಸ್ತಿ ಕಂಡು ಬೆಳಕು ಏರಿಸುತ್ತದೆ, ಹೂ ಸುಟ್ಟ ಹಾಗಾಗುತ್ತದೆ. ಆಗ ಇಳಿಸಬೇಕು. ಫೋನಿನಲ್ಲಿ ಹೂವಿನ ಮೇಲೆ ಬೆರಳಿಟ್ಟರೆ ಪಕ್ಕದಲ್ಲೊಂದು ಸೂರ್ಯನ ಗುರುತು ಬರುತ್ತದೆ, ಅದನ್ನು ಮೇಲೆ ಕೆಳಗೆ ಎಳೆದರಾಯಿತು. ಕ್ಯಾಮೆರಾ ಆದರೆ ಪ್ಲಸ್–ಮೈನಸ್ ಗುಂಡಿ. ಹಾಲುವಾಣದ ಕೆಂಪು, ಕಕ್ಕೆಯ ಹಳದಿ ಬಿಸಿಲಲ್ಲಿ ಬಲು ಬೇಗ ಕೆಡುತ್ತವೆ. ಎಸಳಿನ ಗೆರೆ ಅಳಿಸಿ ಬಣ್ಣದ ಮುದ್ದೆ ಉಳಿಯುತ್ತದೆ. ಮೋಡ ಕವಿದ ದಿನ ಈ ಹೂಗಳಿಗೆ ಹಬ್ಬ.

ಹೂವಿನ ಹಿಂದೆ ಏನಿದೆ?

ಹೂ ಸಿಕ್ಕ ಕೂಡಲೇ ಕ್ಲಿಕ್ ಮಾಡಬೇಡಿ. ಮೊದಲು ಹಿಂದೆ ನೋಡಿ. ಹೊಳೆಯುವ ಎಲೆ, ಒಣ ಕಡ್ಡಿ, ನೀಲಿ ಪೈಪು, ಚಿಪ್ಸ್ ಪ್ಯಾಕೆಟ್ಟು, ಏನಾದರೊಂದು ಇದ್ದೇ ಇರುತ್ತದೆ. ಒಂದು ಹೆಜ್ಜೆ ಆಚೀಚೆ ಸರಿದರೆ, ಇಲ್ಲ ಒಂದು ಗೇಣು ಕೆಳಗಿಳಿದರೆ ಅದೆಲ್ಲ ಮಾಯ. ಹೂವಿಗೂ ಹಿನ್ನೆಲೆಗೂ ದೂರ ಎಷ್ಟು ಜಾಸ್ತಿಯೋ ಹಿನ್ನೆಲೆ ಅಷ್ಟು ಮಸುಕಾಗುತ್ತದೆ. ಗದ್ದೆ ಬದುವಿನ ಗಿಡವನ್ನು ಅದರ ಎತ್ತರಕ್ಕೇ ಬಗ್ಗಿ ತೆಗೆದರೆ ಹಿಂದೆ ಗದ್ದೆಯಾಚೆಯ ತೋಟವೆಲ್ಲ ಒಂದೇ ಹಸಿರಾಗಿ ಕರಗುತ್ತದೆ.

ಕೊಡಗಿನ ಏರುತಗ್ಗು ಇಲ್ಲಿ ನೆರವಿಗೆ ಬರುತ್ತದೆ. ಕಕ್ಕೆ ಗೊಂಚಲನ್ನು ಬುಡದಲ್ಲಿ ನಿಂತು ತೆಗೆದರೆ ಹಿಂದೆ ಬೋಳು ಆಕಾಶ, ಹೂ ಕಪ್ಪು. ಮರ ತಗ್ಗಿನಲ್ಲಿದ್ದರೆ ಮೇಲಿನ ರಸ್ತೆಗೆ ಹೋಗಿ. ಗೊಂಚಲು ಕಣ್ಣಿನ ಮಟ್ಟಕ್ಕೇ ಸಿಗುತ್ತದೆ, ಹಿಂದೆ ಎದುರಿನ ಗುಡ್ಡದ ನೆರಳು ಬರುತ್ತದೆ. ಒಂದೇ ಹೂ ಹಿಡಿಯುವುದಾದರೆ ಅದರ ಹತ್ತು ಕೇಸರಗಳಲ್ಲಿ ಮೂರು ಉದ್ದವಾಗಿ ಬಾಗಿ ಹೊರಗೆ ಚಾಚಿರುತ್ತವೆ. ಗೊಂಚಲಿನ ಎದುರಿಗೆ ನಿಲ್ಲಬೇಡಿ, ಪಕ್ಕದಿಂದ ನೋಡಿದರೆ ಆ ಬಾಗು ಚೆನ್ನಾಗಿ ಕಾಣುತ್ತದೆ.

ಹತ್ತಿರ ಹೋಗುವ ಮುನ್ನ

ಮೊದಲ ಕೆಲಸ ಲೆನ್ಸ್ ಒರೆಸುವುದು. ಬೆವರು, ಕೊಬ್ಬರಿ ಎಣ್ಣೆ ಕೈಯಿಂದ ಫೋನ್ ಹಿಡಿದವರ ಫೋಟೊಗಳೆಲ್ಲ ಮಂಜು ಕವಿದ ಮಡಿಕೇರಿಯೇ.

ಹೂವಿಗೆ ಫೋನ್ ಮೂಗು ತಾಗಿಸಬೇಡಿ. ಹೆಚ್ಚಿನ ಫೋನುಗಳ ಮುಖ್ಯ ಕ್ಯಾಮೆರಾ ಸುಮಾರು 10 ಸೆಂಟಿಮೀಟರ್‌ಗಿಂತ ಹತ್ತಿರದ್ದನ್ನು ಸ್ಪಷ್ಟವಾಗಿ ಹಿಡಿಯುವುದಿಲ್ಲ. ಸ್ವಲ್ಪ ಹಿಂದೆ ಸರಿದು 2 ಪಟ್ಟು ಜೂಮ್ ಮಾಡುವುದು ವಾಸಿ. ಅಗ್ಗದ ಫೋನುಗಳಲ್ಲಿ ಪ್ರತ್ಯೇಕವಾಗಿ ಕೊಡುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ (ತೀರಾ ಹತ್ತಿರದ ಫೋಟೊದ) ಕ್ಯಾಮೆರಾ ಹೆಸರಿಗಷ್ಟೇ. ಪೋರ್ಟ್ರೇಟ್ ಮೋಡ್ ಕೂಡ ಬೇಡ. ಮಸುಕು ಮಾಡುವ ಭರದಲ್ಲಿ ಅದು ಕೇಸರಗಳನ್ನೇ ಕತ್ತರಿಸಿಬಿಡುತ್ತದೆ.

ಕ್ಯಾಮೆರಾ ಇದ್ದವರು ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ನುಗ್ಗುವ ಕಿಂಡಿ) ಎಫ್/8ರ ಆಸುಪಾಸಿಗೆ ಇಡಿ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಬರುವುದು ಕೆಲವೇ ಮಿಲಿಮೀಟರ್ ಆಳ. ಎಫ್/1.8ರಲ್ಲಿ ತೆಗೆದರೆ ಒಂದು ಕೇಸರದ ತುದಿ ಬಿಟ್ಟು ಉಳಿದದ್ದೆಲ್ಲ ಮಂಜು. ಶಟರ್ 1/250 ಸೆಕೆಂಡಿಗಿಂತ ನಿಧಾನ ಆಗದಿರಲಿ. ಬೆಳಕು ಸಾಲದಿದ್ದರೆ ಐಎಸ್ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 800, 1600ಕ್ಕೆ ಏರಿಸಲು ಹೆದರಬೇಡಿ. ಮ್ಯಾಕ್ರೊ ಲೆನ್ಸ್ ಕೊಳ್ಳುವ ಮುನ್ನ ಕ್ಯಾಮೆರಾಗೂ ಲೆನ್ಸಿಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಎಂಬ ಟೊಳ್ಳು ಬಳೆ ಹಾಕಿ ನೋಡಿ. ಇರುವ 50 ಎಂಎಂ ಲೆನ್ಸಿಗೇ ಅದು ಸಾಕಷ್ಟು ಹತ್ತಿರ ಹೋಗುವ ಶಕ್ತಿ ಕೊಡುತ್ತದೆ.

ಗಾಳಿಗೆ ಕಾಯುವುದೇ ಉಪಾಯ. ಗಾಳಿ ಬೀಸುವ ಕಡೆಗೆ ಬೆನ್ನು ಕೊಟ್ಟು ಕುಳಿತರೆ ಸ್ವಲ್ಪ ತಡೆಯಾಗುತ್ತದೆ. ತೀರಾ ಅಲ್ಲಾಡುವ ಗಿಡಕ್ಕೆ ಪಕ್ಕದಲ್ಲೊಂದು ಕಡ್ಡಿ ನೆಟ್ಟು, ಬಟ್ಟೆ ಕ್ಲಿಪ್ಪಿನಿಂದ ಕಾಂಡವನ್ನು ಮೆಲ್ಲಗೆ ಹಿಡಿಸಿ. ಒಂದರ ಹಿಂದೊಂದು ಏಳೆಂಟು ಫೋಟೊ ತೆಗೆದರೆ ಒಂದಾದರೂ ನೆಟ್ಟಗೆ ಬಂದಿರುತ್ತದೆ. ನೀರು ಚಿಮುಕಿಸಿ ಇಬ್ಬನಿ ಮಾಡುವವರಿದ್ದಾರೆ. ನನಗಂತೂ ಅದು ಸೇರುವುದಿಲ್ಲ. ಮಾರ್ಚ್‌ನ ಬೆಳಗ್ಗೆ ನಿಜವಾದ ಇಬ್ಬನಿಯೇ ಇರುವಾಗ ಬಾಟಲಿ ಯಾಕೆ?

ಏಲಕ್ಕಿ ಹೂವಿನೊಂದಿಗೆ ಒಂದು ಬೆಳಗ್ಗೆ

ಕೊಡಗಿನ ಎಷ್ಟೋ ಮನೆಗಳ ಹಿಂದೆ, ತೋಡಿನ ಪಕ್ಕ, ನಾಲ್ಕು ಏಲಕ್ಕಿ ಬುಡ ಇರುತ್ತವೆ. ಏಪ್ರಿಲ್–ಮೇ ತಿಂಗಳಲ್ಲಿ ಅದು ಹೂ ಬಿಡಲು ಶುರು ಮಾಡುತ್ತದೆ. ಹೆಚ್ಚಿನವರು ಅದರ ಹೂ ನೋಡಿರುವುದೇ ಇಲ್ಲ. ಅದು ಅರಳುವುದು ಎಲೆಗಳ ನಡುವೆ ಅಲ್ಲ, ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ದಂಟಿನಲ್ಲಿ.

ಹೂ ಬೆಳಗ್ಗೆ ಅರಳುತ್ತದೆ, ಒಂದೇ ದಿನದ ಆಯುಸ್ಸು. ತುಟಿಯಂತೆ ಚಾಚಿದ ಬಿಳಿ ಎಸಳಿನ ಮೇಲೆ ನೇರಳೆಗೆಂಪು ಗೆರೆಗಳು ನಡುವಿಗೆ ಕೂಡಿಕೊಳ್ಳುತ್ತವೆ, ಜೇನು ಎಲ್ಲಿ ಇಳಿಯಬೇಕೆಂದು ತೋರಿಸುವ ದಾರಿ ಅದು. ಫೋಟೊದಲ್ಲಿ ಕಾಣಬೇಕಾದ್ದು ಆ ಗೆರೆಗಳೇ. ಗೋಣಿ ಹಾಸಿ ಮಲಗಿ. ಫೋನನ್ನು ತಲೆಕೆಳಗೆ ಹಿಡಿಯಿರಿ. ಕ್ಯಾಮೆರಾ ಫೋನಿನ ಮೇಲ್ತುದಿಯಲ್ಲಿ ಇರುವುದರಿಂದ ಹೀಗೆ ಹಿಡಿದರೆ ಲೆನ್ಸ್ ನೆಲಕ್ಕೆ ತಾಗುವಷ್ಟು ಕೆಳಗೆ ಬರುತ್ತದೆ. ತುಟಿಯ ಮುಖಕ್ಕೆ ಫೋನ್ ಸಮಾನಾಂತರವಾಗಿರಲಿ, ಆಗ ಗೆರೆಗಳೆಲ್ಲ ಒಟ್ಟಿಗೆ ಸ್ಪಷ್ಟ ಬರುತ್ತವೆ. ಪರದೆಯಲ್ಲಿ ಹೂವಿನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಚೂರು ಇಳಿಸಿ, 2 ಸೆಕೆಂಡಿನ ಟೈಮರ್ ಹಾಕಿ. ಮುಂದಿರುವ ಒಣ ಎಲೆಯನ್ನು ಕೈಯಿಂದ ಸರಿಸಬಹುದು, ದಂಟನ್ನು ಎಳೆಯಬೇಡಿ. ಅದರಲ್ಲೇ ಕಾಯಿ ಕಟ್ಟಬೇಕು.

ಕಾಫಿ ಹೂವಿಗೂ ಇದೇ ಮಾತು. ಸಾಲಿನೊಳಗೆ ನುಗ್ಗಿದರೆ ಉದುರುವುದು ಬರುವ ವರ್ಷದ ಫಸಲು. ದಾರಿಯಂಚಿನ ಗಿಡವೇ ಸಾಕು. ಉದ್ದ ರೆಕ್ಕೆಯ (ಅಡ್ಡ ಕೊಂಬೆಯ) ಪಕ್ಕದಿಂದ, ಗೆಣ್ಣು ಗೆಣ್ಣಿಗೂ ಕಟ್ಟಿದ ಗೊಂಚಲು ಸಾಲಾಗಿ ಕಾಣುವಂತೆ ತೆಗೆಯಿರಿ. ಅರಳಿದ ಮೊದಲ ಬೆಳಗ್ಗೆಯೇ ಒಳ್ಳೆಯದು, ಆಮೇಲೆ ಕಂದು ಹತ್ತತೊಡಗುತ್ತದೆ. ಸ್ಪ್ರಿಂಕ್ಲರ್ ಹಾಕುವ ತೋಟಗಳಲ್ಲಿ ಹೂ ಬೇರೆ ಬೇರೆ ದಿನ ಬರುತ್ತದೆ. ನಿಮ್ಮಲ್ಲಿ ತಪ್ಪಿದರೆ ಪಕ್ಕದ ತೋಟದವರನ್ನು ಕೇಳಿ ನೋಡಿ. ಜೇನು ಬೇಕೆಂದರೆ ಒಂದೇ ಗೊಂಚಲಿಗೆ ಫೋಕಸ್ ಇಟ್ಟು ಕಾಯಿರಿ, ಹಿಂದೆ ಓಡಿದರೆ ಸಿಗುವುದಿಲ್ಲ. ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಹಾಗಾಗಿ ಜೇನಿಗೆ ಅಲ್ಲಿ ಕೆಲಸ ಜೋರು.

ಹೆಸರು ಗೊತ್ತಿಲ್ಲದಿದ್ದರೆ

ಹೂವಿನದ್ದೊಂದೇ ಫೋಟೊ ಇದ್ದರೆ ಗಿಡ ಬಲ್ಲವರೂ ತಲೆ ಕೆರೆದುಕೊಳ್ಳುತ್ತಾರೆ. ಎಲೆಯ ಮೇಲ್ಭಾಗ, ತಳಭಾಗ, ಕಾಂಡಕ್ಕೆ ಎಲೆ ಕೂಡುವ ಜಾಗ, ಇಡೀ ಗಿಡ, ಇಷ್ಟನ್ನೂ ತೆಗೆಯಿರಿ. ಒಂದು ಫೋಟೊದಲ್ಲಿ ಪಕ್ಕಕ್ಕೆ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ಸಿಗುತ್ತದೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಬಲ್ಲವರು ಹೆಸರು ಹೇಳುತ್ತಾರೆ. ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಅಷ್ಟು ಬೇಗ ನಂಬಬೇಡಿ. ಮನೆಯಲ್ಲಿ ಅಜ್ಜಿಯನ್ನೂ ಕೇಳಿ. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಒಂದು ಹೆಸರು ಸಿಕ್ಕೇ ಸಿಗುತ್ತದೆ, ಅದನ್ನೂ ಫೋಟೊ ಜೊತೆ ಬರೆದಿಡಿ.

ಸೀತಾಳೆ ದಂಡೆಯಂಥ ಆರ್ಕಿಡ್ ಸಿಕ್ಕರೆ ಮರ ಯಾವುದು, ಎಲ್ಲಿ ಎಂದು ಸ್ಟೇಟಸ್ಸಿನಲ್ಲಿ ಹಾಕಬೇಡಿ. ಮಾರನೇ ದಿನ ಕಿತ್ತುಕೊಂಡು ಹೋಗುವವರು ಇದ್ದಾರೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮರೆಮಾಡುವ ಸೌಲಭ್ಯ ಇದೆ, ಅದನ್ನು ಬಳಸಿ.

ಮಳೆ ಹಿಡಿಯುವ ಮುನ್ನ

ಜೂನ್ ಬಂತೆಂದರೆ ಕೊಡಗಿನಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು. ಲೆನ್ಸನ್ನು ಬಟ್ಟೆಯ ಬ್ಯಾಗಿನಲ್ಲಿಟ್ಟು ಮರೆತರೆ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್ ಬೆಳೆಯುತ್ತದೆ, ಆಮೇಲೆ ಅದನ್ನು ತೆಗೆಸುವುದು ಖರ್ಚಿನ ಬಾಬತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಲೆನ್ಸ್ ಇಡಿ. ನೀಲಿ ಹರಳು ತೇವ ಹೀರಿದ ಮೇಲೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ, ಕಿಟಕಿ ತೆರೆದಿಟ್ಟು, ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವವರೆಗೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.